ಪುಸ್ತಕದಲ್ಲಿರೋ ರೇಟು ಯಾರ ರೇಟು?

ಪ್ರಶ್ನೆ: ನಮ್ಮ ತಾತ ಕೆಜಿಎಫ್ ಗಣಿಯಲ್ಲಿ ಕೆಲಸಕ್ಕಿದ್ದರು. ಅವರ ಟ್ರಂಕಿನಲ್ಲಿ ಒಂದು ಬಿಸ್ಕತ್ ಡಬ್ಬಿ ತುಂಬ ಹಳೆ ನಾಣ್ಯ ಸಿಕ್ಕಿವೆ. ರೂಪಾಯಿ ಹನ್ನೊಂದು. ಅದರಲ್ಲಿ ಎರಡು 1862ರ ವಿಕ್ಟೋರಿಯಾ, ಉಳಿದವು ಎಡ್ವರ್ಡ್ ಮತ್ತು ಜಾರ್ಜ್ ರಾಜರವು. ಆನೆ ಇರುವ ತಾಮ್ರದ ಕಾಸು ಮೂರು. ರಾಮ ಸೀತೆ ಇರುವ, 1818 ಅಂತ ಬರೆದಿರುವ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ಒಂದು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ 2014ರ ಒಂದು ಬೆಲೆ ಪುಸ್ತಕ ಸಿಕ್ಕಿತು. ಅದರಲ್ಲಿ 1862ರ ರೂಪಾಯಿಗೆ 900 ಅಂತಿದೆ. ಮೊಬೈಲಿನಲ್ಲಿ ನೋಡಿದರೆ ಅದೇ ನಾಣ್ಯಕ್ಕೆ ಎರಡು ಲಕ್ಷ. ನಮ್ಮೂರಿನ ಬೆಳ್ಳಿ ಅಂಗಡಿಯವರು ತೂಕದ ಲೆಕ್ಕಕ್ಕೆ ಕೊಡುತ್ತೇವೆ ಅಂದರು. ಮೂರರಲ್ಲಿ ಯಾವುದನ್ನು ನಂಬಲಿ? ಬೆಲೆ ಪುಸ್ತಕ ನೋಡಿ ಮಾರಿದರೆ ಮೋಸ ಹೋಗುತ್ತೇನಾ?
– ಬಂಗಾರಪೇಟೆ ತಾಲ್ಲೂಕಿನ ಓದುಗರು

ಉತ್ತರ: ಮೂರರಲ್ಲಿ ನಿಜಕ್ಕೆ ಹತ್ತಿರ ಇರುವವರು ಬೆಳ್ಳಿ ಅಂಗಡಿಯವರು. ನಾಣ್ಯ ಕೂಡಿಡುವವನ ಬಾಯಲ್ಲಿ ಈ ಮಾತು ಬರಬಾರದು, ನನ್ನ ಸ್ನೇಹಿತರು ಓದಿದರೆ ಬೈಯುತ್ತಾರೆ. ಆದರೂ ನಿಮ್ಮ ಹನ್ನೊಂದರಲ್ಲಿ ಏಳೆಂಟು ರೂಪಾಯಿಗೆ ಇದೇ ಉತ್ತರ. ಉಳಿದ ಮೂರು ನಾಲ್ಕು ಇವೆಯಲ್ಲ, ಅವುಗಳಿಗೋಸ್ಕರ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ವಿಕ್ಟೋರಿಯಾ ಕಾಲದಿಂದ 1939ರವರೆಗಿನ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ. ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. ಅಂದರೆ ಒಂದು ನಾಣ್ಯದಲ್ಲಿ ಹತ್ತಿರ ಹತ್ತಿರ 10.7 ಗ್ರಾಂ ಅಪ್ಪಟ ಬೆಳ್ಳಿ. ನಿಮ್ಮ ಪುಸ್ತಕ ಅಚ್ಚಾದ 2014ರಲ್ಲಿ ಬೆಳ್ಳಿ ಕೆಜಿಗೆ 40 ಸಾವಿರದ ಆಸುಪಾಸಿನಲ್ಲಿತ್ತು. ಆ ಲೆಕ್ಕಕ್ಕೆ ನಾಣ್ಯದೊಳಗಿನ ಬೆಳ್ಳಿಯೇ ಸುಮಾರು 430 ರೂಪಾಯಿ. ಪುಸ್ತಕದವರು ಅದರ ಮೇಲೆ ಇನ್ನೊಂದಷ್ಟು ಹಾಕಿ 900 ಅಂದರು. ಆಗ ಅದು ನ್ಯಾಯವಾದ ರೇಟೇ. ಆಮೇಲೆ ಏನಾಯಿತು? 2025ರ ಅಕ್ಟೋಬರ್ ಹೊತ್ತಿಗೆ ಬೆಳ್ಳಿ ಕೆಜಿಗೆ ಒಂದೂವರೆ ಲಕ್ಷ ದಾಟಿತು. ಅದೇ ನಾಣ್ಯದ ಬೆಳ್ಳಿಗೇ 1,600 ಆಯಿತು. ಪುಸ್ತಕ ನಂಬಿ ಯಾರಿಗೋ 900ಕ್ಕೆ ಕೊಟ್ಟಿದ್ದರೆ, ತೆಗೆದುಕೊಂಡವನು ನೆಟ್ಟಗೆ ಬೆಳ್ಳಿ ಅಂಗಡಿಗೆ ಹೋಗಿ ಲಾಭ ಮಾಡಿಕೊಳ್ಳುತ್ತಿದ್ದ. ಪುಸ್ತಕ ಸುಳ್ಳು ಹೇಳಲಿಲ್ಲ. ಅದು 2014ರಲ್ಲೇ ನಿಂತುಬಿಟ್ಟಿದೆ, ಅಷ್ಟೇ.

ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿತ್ತು, ನೆನಪಿದೆ ಅಲ್ವಾ? ಆ ದಿನದ ಪೇಪರ್ ಕತ್ತರಿಸಿ ಜೇಬಲ್ಲಿಟ್ಟುಕೊಂಡು, ಇವತ್ತು ಮಂಡಿಗೆ ಹೋಗಿ ಅದೇ ರೇಟು ಕೇಳಿ ನೋಡಿ. ಟೊಮೆಟೊ ರೇಟು ದಿನಕ್ಕೊಮ್ಮೆ ಬದಲಾಗುತ್ತೆ ಅಂತ ಗೊತ್ತಿರುವ ನಮಗೆ ನಾಣ್ಯದ ವಿಷಯ ಬಂದಾಗ ಮಾತ್ರ ಅದು ಕಲ್ಲಿನಲ್ಲಿ ಕೆತ್ತಿದ ಹಾಗೆ ಕಾಣುತ್ತದೆ, ಯಾಕೆಂದರೆ ಅದು ಪುಸ್ತಕದಲ್ಲಿದೆ, ರಟ್ಟು ಗಟ್ಟಿಯಾಗಿದೆ, ಬಣ್ಣದ ಚಿತ್ರ ಇದೆ.

ಬೆಳ್ಳಿ ಅಂಗಡಿಗೆ ಹೋಗುವ ಮೊದಲು ಜಾರ್ಜ್ ನಾಣ್ಯಗಳನ್ನು ಬೇರೆ ಮಾಡಿ. ಆರನೇ ಜಾರ್ಜ್ ಹೆಸರಿನ, 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಅರ್ಧ ಮಾತ್ರ. ಯುದ್ಧದ ಕಾಲ, ಬೆಳ್ಳಿಗೆ ಬರ. 1947ರ ರೂಪಾಯಿಯಲ್ಲಂತೂ ಬೆಳ್ಳಿ ಚೂರೂ ಇಲ್ಲ, ಪೂರ್ತಿ ನಿಕ್ಕಲ್. ಅಯಸ್ಕಾಂತ ಹಿಡಿದರೆ ಪಟ್ ಅಂತ ಅಂಟಿಕೊಳ್ಳುತ್ತದೆ. ಬೆಳ್ಳಿ ಅಂಟುವುದಿಲ್ಲ. ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದಾಗ ಒಬ್ಬ ಅಜ್ಜಿ 1947ರ ಆರು ರೂಪಾಯಿಗಳನ್ನು ಬೆಳ್ಳಿ ಅಂತ ಮೊಮ್ಮಗಳ ಮದುವೆಗೆ ಕಾದಿಟ್ಟಿದ್ದನ್ನು ತಂದು ತೋರಿಸಿದ್ದರು. ನಾನು ಅಯಸ್ಕಾಂತ ತೆಗೆಯಲಿಲ್ಲ. ಚೆನ್ನಾಗಿವೆ ಅಮ್ಮ, ಇಟ್ಕೊಳ್ಳಿ ಅಂದೆ.

ಈಗ ನಿಮ್ಮ ಅಸಲಿ ಪ್ರಶ್ನೆಗೆ ಬರೋಣ. ಬೆಲೆ ಪುಸ್ತಕದಲ್ಲಿ ಇರುವುದು ಯಾರ ಬೆಲೆ?

ಅಮೆರಿಕದಲ್ಲಿ ಇದಕ್ಕೆ ಎರಡು ಪುಸ್ತಕ ಇವೆ. ಅಲ್ಲಿನ ನಾಣ್ಯದವರು ಒಂದನ್ನು ರೆಡ್ ಬುಕ್ ಅನ್ನುತ್ತಾರೆ, ಇನ್ನೊಂದನ್ನು ಬ್ಲೂ ಬುಕ್. ಕೆಂಪಿನಲ್ಲಿರುವುದು ಅಂಗಡಿಯವನು ಗಿರಾಕಿಗೆ ಮಾರುವ ರೇಟು. ನೀಲಿಯಲ್ಲಿರುವುದು ಅದೇ ನಾಣ್ಯವನ್ನು ನೀವು ಅಂಗಡಿಗೆ ತಂದರೆ ಅವನು ಕೊಡುವ ರೇಟು. ಎರಡಕ್ಕೂ ಅಂತರ ಚೆನ್ನಾಗಿಯೇ ಇರುತ್ತದೆ, ಅದನ್ನು ಯಾರೂ ಮುಚ್ಚಿಡುವುದಿಲ್ಲ. ನಮ್ಮಲ್ಲಿ ಏನಾಗಿದೆ ಅಂದರೆ ಎಲ್ಲ ಪುಸ್ತಕವೂ ಕೆಂಪೇ. ನೀಲಿ ಪುಸ್ತಕ ಅಚ್ಚಾಗಿಲ್ಲ, ಅದು ಡೀಲರ್ ತಲೆಯೊಳಗಿದೆ. ಮನೆಯಲ್ಲಿ ತಾತನ ಡಬ್ಬಿ ಇಟ್ಟುಕೊಂಡು ಮಾರಲು ಹೊರಟವರು ಓದುವುದು ಕೊಳ್ಳುವವನಿಗಾಗಿ ಬರೆದ ರೇಟು. ಅಂಗಡಿಯವನು ಅದರಲ್ಲಿ ಅರ್ಧ ಹೇಳಿದ ತಕ್ಷಣ ಇವನು ಕಳ್ಳ ಅನ್ನಿಸುತ್ತದೆ. ಕಳ್ಳನೂ ಇರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಅವನು ಆ ನಾಣ್ಯವನ್ನು ಎರಡು ವರ್ಷ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂತಿರಬೇಕು, ಬಾಡಿಗೆ ಕಟ್ಟಬೇಕು, ಪ್ರದರ್ಶನಕ್ಕೆ ಟೇಬಲ್ ಹಿಡಿಯಬೇಕು. ನಾನೇ ನನ್ನ ಹತ್ತಿರ ಎರಡೆರಡು ಇರುವ ನಾಣ್ಯಗಳನ್ನು ಮಾರುವಾಗ ಪುಸ್ತಕದ ಬೆಲೆಯ ಅರ್ಧ ಬಂದರೆ ಖುಷಿಯಾಗಿ ಕಾಫಿ ಕುಡಿಸಿ ಬರುತ್ತೇನೆ.

ಇನ್ನೊಂದು ಸಣ್ಣ ವಿಷಯ, ಆದರೆ ಸಣ್ಣದಲ್ಲ. ನಮ್ಮಲ್ಲಿ ಬೆಲೆ ಪುಸ್ತಕ ಬರೆಯುವವರಲ್ಲಿ ಹಲವರು ಸ್ವತಃ ವ್ಯಾಪಾರಿಗಳು. ಅದು ತಪ್ಪಲ್ಲ, ನಾಣ್ಯ ಕೈಯಲ್ಲಿ ಓಡಾಡುವುದು ಅವರಿಗೇ ತಾನೆ. ಆದರೆ ತನ್ನ ಹತ್ತಿರ ನೂರು ಇರುವ ನಾಣ್ಯದ ಬೆಲೆ ಬರೆಯುವಾಗ ಯಾರ ಕೈಯಾದರೂ ಸ್ವಲ್ಪ ಧಾರಾಳ ಆಗುತ್ತದೆ. ಬೇರೆ ವ್ಯಾಪಾರಿಗಳು ಆ ಪುಸ್ತಕ ನೋಡಿ ರೇಟು ಇಡುತ್ತಾರೆ. ಮುಂದಿನ ಆವೃತ್ತಿ ಬರೆಯುವವರು ಆ ರೇಟು ನೋಡಿ ಮಾರ್ಕೆಟ್ ಏರಿದೆ ಅಂದುಕೊಳ್ಳುತ್ತಾರೆ. ನೀನು ನನ್ನ ನೋಡಿ ಬರಿ, ನಾನು ನಿನ್ನ ನೋಡಿ ಬರಿತೀನಿ ಅನ್ನೋ ಪರೀಕ್ಷೆ ಹಾಲ್ ಕಥೆ.

ಆಮೇಲೆ ಗ್ರೇಡು, ಅಂದರೆ ನಾಣ್ಯ ಎಷ್ಟು ಸವೆದಿದೆ ಅನ್ನುವ ದರ್ಜೆ. ಜಾಸ್ತಿ ಜನ ಮುಗ್ಗರಿಸುವುದು ಇಲ್ಲಿ.

ಪುಸ್ತಕದಲ್ಲಿ ಒಂದೇ ನಾಣ್ಯಕ್ಕೆ ಮೂರು ನಾಲ್ಕು ಬೆಲೆ ಅಡ್ಡಸಾಲಿನಲ್ಲಿ ಇರುತ್ತವೆ: ಫೈನ್, ವೆರಿ ಫೈನ್, ಎಕ್ಸ್‌ಟ್ರಾ ಫೈನ್, ಕೊನೆಗೆ ಯುಎನ್‌ಸಿ. ನಮ್ಮ ಕಣ್ಣು ತಾನಾಗಿಯೇ ಕೊನೆಯ ಬೆಲೆಗೆ ಹೋಗುತ್ತದೆ. ತಾತ ಜೋಪಾನವಾಗಿ ಇಟ್ಟಿದ್ದರಲ್ಲ, ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಆದರೆ ಯುಎನ್‌ಸಿ ಅಂದರೆ ಚೆನ್ನಾಗಿದೆ ಅಂತಲ್ಲ. ಟಂಕಸಾಲೆಯಿಂದ ಬಂದಮೇಲೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ ಚಲಾವಣೆಯೇ ಆಗಿಲ್ಲ ಅಂತ. ನಿಮ್ಮ ತಾತನ ಕೈಗೆ ಬಂದ ರೂಪಾಯಿ ಅದಕ್ಕೆ ಮೊದಲು ಎಷ್ಟು ಸಂತೆ ತಿರುಗಿದೆಯೋ! ವಿಕ್ಟೋರಿಯಾ ನಾಣ್ಯ ಆದರೆ ಕಿರೀಟದ ಕಲ್ಲುಗಳು, ರವಿಕೆಯ ಹೂವಿನ ಕೆಲಸ ನೋಡಿ. ರಾಜರದ್ದಾದರೆ ಕಿವಿಯ ಮೇಲಿನ ಕೂದಲು, ಹುಬ್ಬು, ಮೀಸೆ. ನಾಣ್ಯದಲ್ಲಿ ಎತ್ತರ ಇರುವ ಜಾಗ ಮೊದಲು ಸವೆಯುತ್ತದೆ. ಕೂದಲಿನ ಎಳೆ ಎಳೆ ಕಾಣದೆ ನುಣ್ಣಗೆ ಮುದ್ದೆ ಆಗಿದ್ದರೆ ಅದು ಫೈನ್ ಅಥವಾ ಅದಕ್ಕಿಂತ ಕೆಳಗೆ, ಇಸವಿ ಎಷ್ಟು ಸ್ಪಷ್ಟ ಇದ್ದರೂ ಅಷ್ಟೇ. ನನ್ನ ಅಂದಾಜಿನಲ್ಲಿ ಮನೆಗಳಲ್ಲಿ ಸಿಗುವ ರೂಪಾಯಿ ಹತ್ತರಲ್ಲಿ ಎಂಟು ಎಡಗಡೆಯ ಎರಡು ಕಾಲಮ್ಮಿನೊಳಗೇ ಬರುತ್ತವೆ. ಬಲಗಡೆಯದು ಚಿತ್ರದಲ್ಲಿರುವ ನಾಣ್ಯಕ್ಕೆ.

ತೊಳೆದ ನಾಣ್ಯಕ್ಕೆ ಪುಸ್ತಕದಲ್ಲಿ ಕಾಲಮ್ಮೇ ಇರುವುದಿಲ್ಲ. ನಮ್ಮ ಮನೆಗಳಲ್ಲಿ ಲಕ್ಷ್ಮೀಪೂಜೆಗೆ ಬೆಳ್ಳಿ ರೂಪಾಯಿ ಇಡುವ ಮೊದಲು ಹುಣಸೆಹಣ್ಣು, ವಿಭೂತಿ, ಕೊನೆಗೆ ಹಲ್ಲುಜ್ಜುವ ಪೇಸ್ಟು ಹಾಕಿ ತಿಕ್ಕುತ್ತಾರೆ. ಫಳಫಳ ಹೊಳೆಯುತ್ತದೆ. ಸಂಗ್ರಹಕಾರನಿಗೆ ಆ ಹೊಳಪು ನೋಡಿದರೆ ಹೊಟ್ಟೆ ಉರಿಯುತ್ತದೆ. ಭೂತಗನ್ನಡಿ ಹಿಡಿದರೆ ಮೈ ತುಂಬಾ ಕೂದಲಿನಂಥ ಗೀರು. ಅಲ್ಲಿಗೆ ನಾಣ್ಯದ ಬೆಲೆ ಹೋಗಿ ಬೆಳ್ಳಿಯ ಬೆಲೆ ಉಳಿಯಿತು.

ಇದರಲ್ಲಿ ನಾನೇ ಕೈ ಸುಟ್ಟುಕೊಂಡಿದ್ದೇನೆ. 1911ರ ರೂಪಾಯಿ ಕಥೆ ಕೇಳಿರಬಹುದು. ಐದನೇ ಜಾರ್ಜ್‌ನ ನಿಲುವಂಗಿಯ ಮೇಲೆ ಆನೆಯ ಪದಕ ಇತ್ತು. ಅದು ಆನೆಯ ಥರ ಕಾಣದೆ ಹಂದಿಯ ಥರ ಕಂಡಿತು. ಜನ ನಾಣ್ಯ ಮುಟ್ಟಲು ಒಪ್ಪಲಿಲ್ಲ. ಎರಡು ಟಂಕಸಾಲೆ ಸೇರಿ 94 ಲಕ್ಷ ಅಚ್ಚಾಗಿತ್ತು, ಜನರ ಕೈಗೆ ಹೋಗಿದ್ದು 7 ಲಕ್ಷ, ಅದರಲ್ಲೂ ಬಹಳಷ್ಟನ್ನು ವಾಪಸ್ ಪಡೆದು ಕರಗಿಸಿದರು. 1912ರಿಂದ ಚಿತ್ರ ತಿದ್ದಿದರು. ಹಾಗಾಗಿ 1911ಕ್ಕೆ ಆಗಿನಿಂದಲೂ ಬೇಡಿಕೆ. ಸಂಗ್ರಹ ಶುರು ಮಾಡಿದ ಹೊಸದರಲ್ಲಿ ಒಂದು ಪ್ರದರ್ಶನದಲ್ಲಿ ಒಬ್ಬ ವ್ಯಾಪಾರಿ ಪುಸ್ತಕದ ಬೆಲೆಯ ಅರ್ಧಕ್ಕೆ ಅದನ್ನು ಕೊಟ್ಟ. ಪುಸ್ತಕ ನನ್ನ ಕೈಚೀಲದಲ್ಲೇ ಇತ್ತು, ತೆಗೆದು ನೋಡಿ, ಮನಸ್ಸಿನಲ್ಲೇ ನಕ್ಕು, ಚೌಕಾಸಿ ಕೂಡ ಮಾಡದೆ ದುಡ್ಡು ಎಣಿಸಿದೆ. ಕ್ಯಾಷಿಯರ್ ಎಣಿಸುವ ಸ್ಪೀಡು ಗೊತ್ತಲ್ಲ. ಒಂದು ವರ್ಷ ಎಲ್ಲರಿಗೂ ತೋರಿಸಿದೆ. ಆಮೇಲೆ ಒಬ್ಬ ಹಿರಿಯರು ಅದನ್ನು ತೆಗೆದುಕೊಂಡು ಅಂಚನ್ನು ಉಗುರಿನಲ್ಲಿ ಸವರಿ, ಏನಪ್ಪಾ ಇದು ಯಾರ ಕೊರಳಲ್ಲಿತ್ತು ಅಂದರು. ರಾಜನ ಕಿರೀಟದ ನೇರಕ್ಕೆ ಅಂಚಿನಲ್ಲಿ ಒಂದು ಕಡೆ ಗೆರೆಗಳು ಮಾಯ. ಕಾಸಿನ ಸರಕ್ಕೆ ಕುಣಿಕೆ ಹಾಕಿ ಬೆಸೆದಿದ್ದನ್ನು ಕಿತ್ತು, ಅರೆದು, ಪಾಲಿಷ್ ಮಾಡಿದ್ದರು. ನಾನು ಪುಸ್ತಕದಲ್ಲಿ ಬೆಲೆ ನೋಡಿದ್ದೆ, ಕೈಯಲ್ಲಿದ್ದ ನಾಣ್ಯವನ್ನು ನೋಡಿರಲಿಲ್ಲ. ನಮ್ಮ ಕಡೆ ಹಳೆ ರೂಪಾಯಿ, ಪವನು ಎಲ್ಲ ಸರಕ್ಕೆ ಹೋದವೇ, ನಿಮ್ಮ ಡಬ್ಬಿಯಲ್ಲಿ ಒಂದಾದರೂ ಇಂಥದ್ದು ಇದ್ದೀತು. ಅಂಚನ್ನು ಸುತ್ತಲೂ ಉಗುರಿನಲ್ಲಿ ಸವರಿ ನೋಡಿ.

ನಿಮ್ಮ 1862ರ ಎರಡು ರೂಪಾಯಿ ವಿಷಯಕ್ಕೆ ಬರುತ್ತೇನೆ. ಇಲ್ಲಿ ಪುಸ್ತಕ ಬೇರೆಯದೇ ರೀತಿ ತಪ್ಪುತ್ತದೆ. 1862 ಅಂತ ಬರೆದಿದ್ದರೂ ಆ ನಾಣ್ಯ 1862ರಲ್ಲೇ ಅಚ್ಚಾಗಿರಬೇಕು ಅಂತಿಲ್ಲ. ಆ ವರ್ಷ ಶುರುವಾದ ಮೇಲೆ ಹತ್ತು ಹನ್ನೆರಡು ವರ್ಷ ಇಸವಿಯನ್ನು ಬದಲಾಯಿಸಲೇ ಇಲ್ಲ, 1862 ಅಂತಲೇ ಹೊಡೆಯುತ್ತಾ ಹೋದರು. 1874ರಿಂದ ಮತ್ತೆ ಆಯಾ ವರ್ಷದ ಇಸವಿ ಬಂತು. ಹಾಗಾದರೆ ಯಾವ ವರ್ಷದ್ದು ಅಂತ ಗುರುತಿಸುವುದು ಹೇಗೆ? ಬೊಂಬಾಯಿ ಟಂಕಸಾಲೆಯವರು ಸಾಸಿವೆಗಿಂತ ಸಣ್ಣ ಚುಕ್ಕಿಗಳನ್ನು ಇಟ್ಟರು. ಇಸವಿಯ ಕೆಳಗೆ ಇಷ್ಟು, ಮೇಲಿನ ಹೂವಿನ ಹತ್ತಿರ ಇಷ್ಟು ಅಂತ. ರಾಣಿಯ ಚಿತ್ರದಲ್ಲೂ, ಹಿಂಬದಿಯ ಹೂಬಳ್ಳಿಯಲ್ಲೂ ಸಣ್ಣಪುಟ್ಟ ವ್ಯತ್ಯಾಸ ಇವೆ. ಈ ಚುಕ್ಕಿಗಳನ್ನು ಎಣಿಸುವುದೇ ಒಂದು ಹುಚ್ಚು, ಅದರಲ್ಲೇ ಆಯುಷ್ಯ ಕಳೆದವರು ಇದ್ದಾರೆ. ಮೇಲೆ ಕೆಳಗಿನ ಚುಕ್ಕಿಗಳ ಕೆಲವು ಜೋಡಿ ಬೇಕಾದಷ್ಟು ಸಿಗುತ್ತವೆ, ಕೆಲವು ಹುಡುಕಿದರೂ ಇಲ್ಲ. ನಿಮ್ಮ ಪುಸ್ತಕದಲ್ಲಿ ಇವೆಲ್ಲಕ್ಕೂ ಸೇರಿ ಒಂದೇ ಸಾಲು, 900 ರೂಪಾಯಿ! ಗಾಂಧಿ ಬಜಾರ್ ಸೈಟಿಗೂ ಗೌರಿಬಿದನೂರಿನ ಸೈಟಿಗೂ ಕರ್ನಾಟಕದ ಸೈಟು ಅಂತ ಒಂದೇ ರೇಟು ಬರೆದ ಹಾಗೆ. ಆದ್ದರಿಂದ ಇವೆರಡನ್ನು ಸದ್ಯಕ್ಕೆ ಬೆಳ್ಳಿ ಅಂಗಡಿಗೆ ಕೊಡಬೇಡಿ. ಹೆಚ್ಚಿನಂಶ ಸಾಮಾನ್ಯದ್ದೇ ಇರುತ್ತವೆ, ಆಸೆ ಇಟ್ಟುಕೊಳ್ಳಬೇಡಿ. ಆದರೂ ಎಣಿಸದೆ ಕೊಡಬಾರದು.

ಎಷ್ಟು ಅಚ್ಚಾಗಿದೆ ಅನ್ನುವ ಅಂಕಿ ನೋಡಿ ಅಪರೂಪ ಅಂತ ತೀರ್ಮಾನ ಮಾಡುವವರಿದ್ದಾರೆ. ಎಷ್ಟು ಅಚ್ಚಾಗಿತ್ತು ಅನ್ನುವುದಕ್ಕಿಂತ ಎಷ್ಟು ಉಳಿದಿದೆ ಅನ್ನುವುದು ಮುಖ್ಯ. 1940ರ ದಶಕದ ಶುರುವಿನಲ್ಲಿ ಸರ್ಕಾರವೇ ಹಳೆ ಬೆಳ್ಳಿ ರೂಪಾಯಿಗಳನ್ನು ಚಲಾವಣೆಯಿಂದ ವಾಪಸ್ ತೆಗೆದುಕೊಂಡಿತು. ಕಾಲ್ಗೆಜ್ಜೆಗೆ, ದೀಪಕ್ಕೆ ಕರಗಿದ್ದು ಬೇರೆ. ಈಗ ಬೆಳ್ಳಿ ಏರಿದಾಗ ಮತ್ತೆ ಸಾಮಾನ್ಯ ರೂಪಾಯಿಗಳು ಕುಲುಮೆಗೆ ಹೋಗುತ್ತಿವೆ. ಇದನ್ನು ಯಾವ ಪುಸ್ತಕವೂ ಲೆಕ್ಕ ಇಡಲು ಸಾಧ್ಯವಿಲ್ಲ.

ಆನೆ ಕಾಸು. ಇದರ ಬಗ್ಗೆ ಬರೆಯಲು ಕೂತರೆ ನಿಲ್ಲಿಸುವುದು ಕಷ್ಟ, ಅದರಲ್ಲೂ ನೀವು ಬಂಗಾರಪೇಟೆಯವರು. ಹೈದರಾಲಿ ಹುಟ್ಟಿದ ಬೂದಿಕೋಟೆ ನಿಮ್ಮ ತಾಲ್ಲೂಕೇ. ಅವನ ಅಪ್ಪನ ಗೋರಿ ನಮ್ಮ ಕೋಲಾರದ ಮಕ್ಬರಾದಲ್ಲಿದೆ. ಆನೆ ಕಂಡರೆ ಎಲ್ಲರೂ ಟಿಪ್ಪು ಕಾಸು ಅನ್ನುತ್ತಾರೆ. ಹೈದರನೂ ಆನೆ ಹಾಕಿದ್ದಾನೆ, ಟಿಪ್ಪುವೂ ಹಾಕಿದ್ದಾನೆ, ಅವರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರೂ ಹಾಕಿದ್ದಾರೆ. ಆನೆಯ ಮೇಲೆ ಕನ್ನಡದಲ್ಲಿ ಶ್ರೀ ಇದ್ದರೆ, ಅಥವಾ ಸೂರ್ಯ ಚಂದ್ರ ಇದ್ದರೆ ಅದು ಒಡೆಯರದ್ದು. ಇನ್ನೂ ಚಿಕ್ಕ ಕಾಸು, ಆನೆಯ ಮೇಲೆ ಕನ್ನಡ ಅಂಕಿ, ಹಿಂದೆ ಅಡ್ಡ ಉದ್ದ ಗೆರೆಯ ಜಾಲರಿ ಇದ್ದರೆ ಅದೂ ಮೈಸೂರಿನದೇ, ಟಿಪ್ಪುವಿನದಲ್ಲ. ಹಿಂದೆ ಪರ್ಷಿಯನ್ ಬರಹ ಇದ್ದರೆ ಮಾತ್ರ ಟಿಪ್ಪು ಕಡೆ ನೋಡಬೇಕು.

ಟಿಪ್ಪುವಿನದೇ ಅಂತಾದರೂ ಬೆಲೆ ನಿಂತಿರುವುದು ಟಂಕಸಾಲೆಯ ಮೇಲೆ. ಪಟ್ಟಣ ಅಂದರೆ ಶ್ರೀರಂಗಪಟ್ಟಣದ್ದು, ನಗರ ಅಂದರೆ ಬಿದನೂರಿನದ್ದು ಧಾರಾಳವಾಗಿ ಸಿಗುತ್ತವೆ. ಬೆಂಗಳೂರು, ಚಿತ್ರದುರ್ಗ, ಗುತ್ತಿ, ಧಾರವಾಡ, ದಿಂಡಿಗಲ್ ಹೀಗೆ ಬೇರೆ ಊರುಗಳಲ್ಲೂ ಟಂಕಸಾಲೆ ಇದ್ದವು, ಅವುಗಳಲ್ಲಿ ಕೆಲವು ಕಷ್ಟ. ಟಿಪ್ಪು 1787ರಿಂದ ಹೊಸ ಲೆಕ್ಕದ ಇಸವಿ ತಂದು ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಅದು ಗೊತ್ತಿಲ್ಲದೆ ಓದಿದರೆ ಇಸವಿಯೇ ಉಲ್ಟಾ. ಜತೆಗೆ ಇವು ಕೈಯಲ್ಲಿ ಸುತ್ತಿಗೆ ಹೊಡೆದು ಮಾಡಿದ ಕಾಸು. ಒಂದರಲ್ಲಿ ಆನೆಯ ತಲೆ ಇರುತ್ತೆ ಬಾಲ ಇರಲ್ಲ, ಇನ್ನೊಂದರಲ್ಲಿ ಊರಿನ ಹೆಸರು ಅಂಚಿನಾಚೆ ಹೋಗಿರುತ್ತದೆ. ಯಂತ್ರದ ನಾಣ್ಯಕ್ಕೆ ಮಾಡಿದ ಫೈನ್, ವೆರಿ ಫೈನ್ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸವೆದಿಲ್ಲದ ಆದರೆ ಹೆಸರು ಬಿದ್ದಿಲ್ಲದ ಕಾಸಿಗಿಂತ, ಸ್ವಲ್ಪ ಸವೆದು ಟಂಕಸಾಲೆಯ ಹೆಸರು, ಇಸವಿ ಪೂರ್ತಿ ಇರುವ ಕಾಸಿಗೆ ಜಾಸ್ತಿ ದುಡ್ಡು ಕೊಡುತ್ತಾರೆ. ಇಂಥ ನಾಣ್ಯಕ್ಕೆ ಪುಸ್ತಕದಲ್ಲಿ ಬೆಲೆ ಬರೆದಿದ್ದರೆ ಅದು ಅಂದಾಜಿನ ಅಂದಾಜು ಅಂತ ತಿಳಿಯಿರಿ. ಅಚ್ಚಿನಲ್ಲಿ ಎರಕ ಹೊಯ್ದ ನಕಲಿಗಳೂ ಬಹಳ ಇವೆ. ಅಂಚಿನ ಸುತ್ತ ಸಣ್ಣ ಕೂಡುಗೆರೆ, ಮೈಮೇಲೆ ಸೂಜಿ ಚುಚ್ಚಿದಂಥ ತೂತು ಕಂಡರೆ ಅನುಮಾನ ಪಡಿ.

ನಿಮ್ಮ 1818ರ ರಾಮ ಸೀತೆಯ ನಾಣ್ಯಕ್ಕೆ ಹೆಚ್ಚು ಮಾತು ಬೇಡ. ಅದು ನಾಣ್ಯವೇ ಅಲ್ಲ. ಒಂದು ಕಡೆ ದೇವರು, ಇನ್ನೊಂದು ಕಡೆ ಇಂಗ್ಲಿಷಿನಲ್ಲಿ ಕಂಪನಿಯ ಹೆಸರು, ಹಾಫ್ ಆಣಾ ಅಥವಾ ಒನ್ ಆಣಾ, ಇಸವಿ 1616, 1717, 1818. ಇಂಥವನ್ನು ಕಂಪನಿ ಯಾವತ್ತೂ ಹೊಡೆಸಿಲ್ಲ. ಮದ್ರಾಸಿನಲ್ಲಿ ದೇವರ ಚಿತ್ರದ ಪುಟ್ಟ ಚಿನ್ನದ ವರಹಗಳನ್ನು ಕಂಪನಿ ಹೊಡೆಸಿದ್ದು ನಿಜ, ಆದರೆ ಅವುಗಳ ಮೇಲೆ ಇಸವಿ ಇಲ್ಲ. ನಿಮ್ಮದು ಪೂಜೆಗೆ ಇಟ್ಟುಕೊಳ್ಳುವ ಟೋಕನ್, ಜನ ರಾಮಟಂಕ ಅನ್ನುತ್ತಾರೆ. ಇದಕ್ಕೆ ಮಾತ್ರ ಬೆಲೆ ಪುಸ್ತಕ ಸರಿಯಾದ ಉತ್ತರ ಕೊಡುತ್ತದೆ: ಒಳ್ಳೆಯ ಪುಸ್ತಕದಲ್ಲಿ ಇದು ಇರುವುದೇ ಇಲ್ಲ.

ಮೊಬೈಲಿನ ಎರಡು ಲಕ್ಷ. ಅದು ಯಾರೋ ಕೇಳಿದ ರೇಟು, ಯಾರೂ ಕೊಟ್ಟ ರೇಟಲ್ಲ. ನಾನೂ ನನ್ನ ಹಳೇ ಸೈಕಲ್ಲಿಗೆ ಎರಡು ಲಕ್ಷ ಅಂತ ಬೋರ್ಡು ನೇತುಹಾಕಬಹುದು. ವೈಷ್ಣೋದೇವಿ ಚಿತ್ರದ ಐದು ಹತ್ತು ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಅಂತ ವಿಡಿಯೋ ಬಿಡುವವರೂ ಇದೇ ಪೈಕಿ. ಆಟ ಹೇಗಿರುತ್ತೆ ಅಂದರೆ, ನಿಮ್ಮ ನಾಣ್ಯಕ್ಕೆ ಪಾರ್ಟಿ ಸಿಕ್ಕಿದೆ, ರಿಜಿಸ್ಟ್ರೇಷನ್ನಿಗೆ ಎರಡು ಸಾವಿರ ಹಾಕಿ, ತೆರಿಗೆಗೆ ಹತ್ತು ಸಾವಿರ ಹಾಕಿ ಅನ್ನುತ್ತಾರೆ, ಜತೆಗೆ ರಿಸರ್ವ್ ಬ್ಯಾಂಕಿನ ಮುದ್ರೆ ಇರುವ ಕಾಗದ ಕಳಿಸುತ್ತಾರೆ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಕೊಟ್ಟು, ಹಳೆ ನೋಟು ನಾಣ್ಯದ ವ್ಯಾಪಾರ ನಾವು ಮಾಡುವುದಿಲ್ಲ, ಅದಕ್ಕೆ ಫೀಸು ಕಮಿಷನ್ ಕೇಳುವುದಿಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಅಂತ ಹೇಳಿದೆ. ರೈಸ್ ಪುಲ್ಲಿಂಗ್ ಅಂತ ತಾಮ್ರದ ಚೊಂಬು ತೋರಿಸಿ ಮನೆ ಮಠ ಮಾರಿಸಿದವರ ತಮ್ಮಂದಿರು ಇವರು. ದುಡ್ಡು ಕೊಡಬೇಕಾದವನು ಕೊಳ್ಳುವವನು, ಮಾರುವವನಲ್ಲ.

ಇಷ್ಟೆಲ್ಲ ಬೈದ ಮೇಲೆ ಬೆಲೆ ಪುಸ್ತಕ ಬೇಡವೇ ಅಂತ ಕೇಳುತ್ತೀರಿ. ಬೇಕು. ನನ್ನ ಹತ್ತಿರ ಒಂದು ಕಪಾಟು ತುಂಬ ಇವೆ, ಹಳೆಯವನ್ನೂ ಎಸೆದಿಲ್ಲ. ನಾನು ಅದರಲ್ಲಿ ನೋಡುವುದು ಬೆಲೆಯಲ್ಲ, ಬೆಲೆಗಳ ನಡುವಿನ ಅಂತರ. ಒಂದೇ ರಾಜನ ನಾಣ್ಯಗಳ ಪಟ್ಟಿಯಲ್ಲಿ ಎಲ್ಲ ವರ್ಷಕ್ಕೂ 700, 700, 800 ಅಂತ ಇದ್ದು, ಮಧ್ಯೆ ಒಂದು ವರ್ಷಕ್ಕೆ ಮಾತ್ರ 15,000 ಅಂತಿದ್ದರೆ, ಆ 15,000 ಸರಿಯೋ ತಪ್ಪೋ, ಆ ವರ್ಷ ಅಪರೂಪ ಅನ್ನುವುದು ಸರಿ. ಹತ್ತು ವರ್ಷದ ನಂತರವೂ ಆ ಕ್ರಮ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ನಿಮ್ಮ 2014ರ ಪುಸ್ತಕವನ್ನು ಹೀಗೆ ಬಳಸಿ. ಹನ್ನೊಂದು ರೂಪಾಯಿಗಳ ಇಸವಿಯನ್ನು ಬರೆದುಕೊಂಡು ಯಾವುದಾದರೂ ಇಸವಿ ಪಕ್ಕದವುಗಳಿಗಿಂತ ಎದ್ದು ಕಾಣುತ್ತಾ ನೋಡಿ. 1911 ಅಥವಾ 1939 ಇದ್ದರೆ ಕುರ್ಚಿ ಎಳೆದುಕೊಂಡು ಕೂತು ನೋಡಿ. ಟಂಕಸಾಲೆಯ ಗುರುತು ತಿಳಿಯಲು, ನಾಣ್ಯಕ್ಕೆ ಯಾವ ಕೆಎಂ ನಂಬರ್ ಅಂತ ಹುಡುಕಲು ಕೂಡ ಪುಸ್ತಕ ಬೇಕೇ ಬೇಕು. ಕೆಎಂ ಅಂದರೆ ಕ್ರೌಸ್ ಮತ್ತು ಮಿಶ್ಲರ್ ಅನ್ನುವ ಇಬ್ಬರು ಅಮೆರಿಕದವರ ಹೆಸರಿನ ಮೊದಲಕ್ಷರ. ಅವರ ದಪ್ಪ ಕೆಟಲಾಗಿನ ನಂಬರನ್ನೇ ಜಗತ್ತಿನಲ್ಲೆಲ್ಲ ನಾಣ್ಯದವರು ಹೇಳುತ್ತಾರೆ. ಅದರ ಡಾಲರ್ ಬೆಲೆಯನ್ನು ಮಾತ್ರ ರೂಪಾಯಿಗೆ ಗುಣಿಸಬೇಡಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪ್ರಾಚೀನ ವಸ್ತು. ಅದನ್ನು ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ಅಲ್ಲಿನ ಮಾರ್ಕೆಟ್ಟು ನಿಮಗೆ ಮುಚ್ಚಿದ ಬಾಗಿಲು.

ಬೆಲೆ ಬೇಕಿದ್ದರೆ ಹರಾಜಿನ ಫಲಿತಾಂಶ ನೋಡಿ. ಬೆಂಗಳೂರು, ಮುಂಬೈ, ಅಹಮದಾಬಾದಿನ ಹರಾಜು ಸಂಸ್ಥೆಗಳು ಯಾವ ನಾಣ್ಯ ಎಷ್ಟಕ್ಕೆ ಹೋಯಿತು ಅಂತ ಫೋಟೊ ಸಮೇತ ಹಾಕುತ್ತವೆ. ಇದು ಯಾರೋ ಜೇಬಿನಿಂದ ತೆಗೆದು ಕೊಟ್ಟ ದುಡ್ಡು. ಆದರೆ ಇಲ್ಲೂ ಒಂದು ಹರಾಜು ನೋಡಿ ನಂಬಬಾರದು. ಇಬ್ಬರು ಹಟಕ್ಕೆ ಬಿದ್ದರೆ ಹತ್ತು ಸಾವಿರದ ನಾಣ್ಯ ಮೂವತ್ತಕ್ಕೆ ಹೋಗುತ್ತದೆ, ಅವರಲ್ಲಿ ಒಬ್ಬರಿಗೆ ಸಿಕ್ಕಿತಲ್ಲ, ಮುಂದಿನ ಸಲ ಅದೇ ನಾಣ್ಯ ಎಂಟಕ್ಕೆ ನಿಲ್ಲುತ್ತದೆ. ನಿಮ್ಮ ನಾಣ್ಯದಷ್ಟೇ ಸವೆದಿರುವ ಮೂರು ನಾಲ್ಕು ಮಾರಾಟ ಹುಡುಕಿ, ತೀರಾ ಮೇಲಿನದನ್ನು ಬಿಟ್ಟುಬಿಡಿ. ಕೊಂಡವನು ಆ ಬೆಲೆಯ ಮೇಲೆ ಕಮಿಷನ್, ಜಿಎಸ್‌ಟಿ ಕಟ್ಟಿರುತ್ತಾನೆ, ಮಾರಿದವನಿಗೂ ಒಂದಿಷ್ಟು ಕಡಿತ ಆಗಿರುತ್ತದೆ. ಕೈಗೆ ಬರುವುದು ಅಲ್ಲಿ ಕಾಣುವುದಕ್ಕಿಂತ ಕಡಿಮೆ. ಗ್ರೇಡಿಂಗ್ ಮಾಡಿಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿಸಿದರೆ ಜಾಸ್ತಿ ಬರುತ್ತಂತೆ ಅಂತ ಯಾರಾದರೂ ಹೇಳಬಹುದು. ಸಾಮಾನ್ಯ ರೂಪಾಯಿಗೆ ಆ ಖರ್ಚು ಗಿಟ್ಟುವುದಿಲ್ಲ.

ಡಬ್ಬಿಗೆ ಈಗ ಏನು ಮಾಡುವುದು? ಯಾವುದನ್ನೂ ತೊಳೆಯಬೇಡಿ. ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಹಾಕಿ, ಮೇಲೆ ಇಸವಿ ಮತ್ತು ತೂಕ ಬರೆಯಿರಿ. ತೂಕವನ್ನು ಬೆಳ್ಳಿ ಅಂಗಡಿಯ ತಕ್ಕಡಿಯಲ್ಲೇ ಹಾಕಿಸಿ, ಅವರು ಬೇಸರ ಮಾಡಿಕೊಳ್ಳಲಾರರು. 11.66 ಇರಬೇಕಾದ್ದು 11.4, 11.3 ಬಂದರೆ ಸವೆತ, ಹತ್ತಕ್ಕೆ ಇಳಿದರೆ ನಕಲಿ ಅಂತ ಅನುಮಾನ ಪಡಿ. 1947 ಇದ್ದರೆ ಬದಿಗಿಡಿ. 1940ರಿಂದ 45ರವರೆಗಿನವಕ್ಕೆ ಅರ್ಧ ಬೆಳ್ಳಿಯ ಲೆಕ್ಕ. ಉಳಿದ ಸಾಮಾನ್ಯ ವರ್ಷದವನ್ನು ಮಾರಲೇಬೇಕಿದ್ದರೆ ಆ ದಿನದ ಒಂದು ಗ್ರಾಂ ಬೆಳ್ಳಿ ರೇಟಿಗೆ 10.7 ಗುಣಿಸಿಕೊಂಡು ಹೋಗಿ, ಅದಕ್ಕಿಂತ ತೀರಾ ಕಡಿಮೆ ಹೇಳಿದರೆ ಎದ್ದು ಬನ್ನಿ. 1862ರ ಎರಡನ್ನೂ, ಆನೆ ಕಾಸು ಮೂರನ್ನೂ ಎರಡೂ ಬದಿ ಫೋಟೊ ತೆಗೆದು ಕಳಿಸಿ. ಫ್ಲ್ಯಾಶ್ ಬೇಡ. ಬೆಳಿಗ್ಗೆ ಕಿಟಕಿ ಪಕ್ಕ ಇಟ್ಟು, ಬೆಳಕು ಓರೆಯಾಗಿ ಬೀಳುವ ಹಾಗೆ ತೆಗೆಯಿರಿ, ಇಸವಿಯ ಕೆಳಗಿನ ಚುಕ್ಕಿ ಕಾಣಬೇಕು. ರಾಮಟಂಕವನ್ನು ದೇವರ ಮನೆಯಲ್ಲಿ ಇಡಿ, ತಾತ ಅದನ್ನು ಇಟ್ಟುಕೊಂಡಿದ್ದೂ ಅದಕ್ಕೇ ಇರಬೇಕು.